ಭಯ ಇಳಿಸುವ ಕೆಲಸ

ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಆ ಬೆಳಿಗ್ಗೆ ನಡೆದದ್ದನ್ನು ಬರೆಯಲು ಕೂತಾಗಲೆಲ್ಲ ಒಂದಲ್ಲ ಒಂದು ವಿವರ ಜಾಗ ಬದಲಿಸುತ್ತದೆ. ಹೆಂಗಸರೆಲ್ಲ ಒಂದೇ ಬಣ್ಣ ಉಟ್ಟಿದ್ದರು, ಅದು ಖಚಿತ. ಹಸಿರೋ ಹಳದಿಯೋ ಖಚಿತವಿಲ್ಲ. ನಾನು ಓಡಿದ್ದು ನೆನಪಿದೆ; ರೈಲು ಹೊರಡುವ ಮೊದಲು ಓಡಿದೆನೋ ಹೊರಟ ಮೇಲೋ ಹೇಳಲಾರೆ. ಹಿಂದಿನ ದಿನ, ನನ್ನ ಬಳಿ ಚಿಕಿತ್ಸೆಗೆ ಬರುತ್ತಿದ್ದ ಆಕೆ ನನಗೆ "ನಾಳೆ ಬೇಡ" ಎಂದಿದ್ದರೇ? ಕೆಲವು ದಿನ, ಹೌದು, ಎಂದಿದ್ದರು ಅನ್ನಿಸುತ್ತದೆ. ಇನ್ನು ಕೆಲವು ದಿನ, ಆಮೇಲೆ ಕಾಡಿದ ಅಪರಾಧ ಭಾವನೆಯೇ ಆ ಮಾತನ್ನು ಆಕೆಯ ಬಾಯಿಗೆ ತುರುಕಿದೆ ಅನ್ನಿಸುತ್ತದೆ. ನೆನಪು ತನಗೆ ಬೇಕಾದ ಕಡೆಗೆ ವಾದಿಸುತ್ತದೆ ಎಂದು ಮನಶ್ಶಾಸ್ತ್ರದ ಎಂ.ಎ. ತರಗತಿಯಲ್ಲಿ ಕಲಿತವನು ನಾನು. ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತಿಲ್ಲ. ಸಿಟ್ಟು ಮಾತ್ರ ಇದ್ದಲ್ಲೇ ಇದೆ.

ಆಕೆಯ ಅನುಮತಿ ಪಡೆದೇ ಬರೆಯುತ್ತಿದ್ದೇನೆ. "ಹೆಸರು ಬೇಡ ಸರ್. ಬ್ಯಾಗಿನ ಬಣ್ಣ ಬೇಕಾದ್ರೆ ಬರೀರಿ" ಎಂದಿದ್ದಾರೆ. ಬ್ಯಾಗು ಕಂದು.

ಶುರುವಾದದ್ದು ಒಂದು ಫೋನಿನಿಂದ. ನಾನು ಠಾಣೆ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಸಂಬಳಕ್ಕಿರುವ ಮನಶ್ಶಾಸ್ತ್ರಜ್ಞ. ಫೋನ್ ಮಾಡಿದವನು ರಬಾಳೆಯ ಒಂದು ಔಷಧ ಕಾರ್ಖಾನೆಯ ಎಚ್‌ಆರ್ ಮ್ಯಾನೇಜರ್. "ಸರ್, ಹಮಾರೀ ಏಕ್ ಲೇಡಿ ಕೆಮಿಸ್ಟ್ ಹೈ. ಟ್ರೇನ್ ಸೇ ಡರ್ತೀ ಹೈ. ಉನ್ಕೋ ಥೋಡಾ ಡಿಸೆನ್ಸಿಟೈಸ್ ಕರ್ಕೇ ದೀಜಿಯೇ, ಮಂಥ್ ಎಂಡ್ ತಕ್." ಅಂಗಿಯನ್ನು ಇಸ್ತ್ರಿಗೆ ಕೊಟ್ಟು ಶನಿವಾರದೊಳಗೆ ಬೇಕು ಎನ್ನುವ ದನಿ. ರೈಲಿಗೆ ಹೆದರಿ ಆಕೆ ಬಸ್ಸು, ರಿಕ್ಷಾ ಬದಲಿಸಿಕೊಂಡು ಬರುತ್ತಾರೆ, ದಿನಾ ತಡ. ತಿಂಗಳ ಕೊನೆಗೆ 'ಫಿಟ್' ಎಂಬ ಪತ್ರ ಬರದಿದ್ದರೆ ರಾಜೀನಾಮೆ ಕೇಳಬೇಕಾಗುತ್ತದೆ. ಇದನ್ನೂ ಅವನು ಅಷ್ಟೇ ಸಲೀಸಾಗಿ ಹೇಳಿದ.

ಡಿಸೆನ್ಸಿಟೈಸೇಶನ್ ಎಂಬುದನ್ನು ನಾನು ಕನ್ನಡದವರಿಗೆ 'ಭಯ ಇಳಿಸುವುದು' ಎಂದೇ ಹೇಳುತ್ತೇನೆ. ವಿಧಾನ ಹಳೆಯದು, ಸರಳ. ಮೊದಲು ಮೈ ಸಡಿಲ ಬಿಡುವುದನ್ನು, ಉಸಿರು ನಿಧಾನ ಮಾಡುವುದನ್ನು ಕಲಿಸಬೇಕು. ಆಮೇಲೆ ಭಯವನ್ನು ಮೆಟ್ಟಿಲುಗಳಾಗಿ ಕಡಿಯಬೇಕು. ನಾಯಿಗೆ ಹೆದರುವವನಿಗೆ ಮೊದಲು ನಾಯಿಯ ಚಿತ್ರ, ಆಮೇಲೆ ರಸ್ತೆಯಾಚೆ ಕಟ್ಟಿ ಹಾಕಿದ ನಾಯಿ, ಕೊನೆಗೆ ಕೈಯಳತೆಯ ನಾಯಿ. ಪ್ರತಿ ಮೆಟ್ಟಿಲಲ್ಲೂ ಭಯಕ್ಕೆ ಸೊನ್ನೆಯಿಂದ ನೂರರ ತನಕ ಒಂದು ನಂಬರ್ ಕೊಡಿಸುತ್ತೇವೆ. ನಂಬರ್ ಅರ್ಧಕ್ಕೆ ಇಳಿಯುವ ತನಕ ಅಲ್ಲಿಂದ ಕದಲುವಂತಿಲ್ಲ, ಮೆಟ್ಟಿಲು ಹಾರುವಂತಿಲ್ಲ. ಇನ್ನೊಂದು ನಿಯಮವಿದೆ, ಎಲ್ಲರೂ ಓದಿ ಮರೆಯುವಂಥದ್ದು: ಭಯವು ಅಪಾಯಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಕು. ಕಚ್ಚುವ ನಾಯಿಯ ಮುಂದೆ ಯಾರನ್ನೂ ಕೂರಿಸಬಾರದು. ನಾನೂ ಮರೆತಿದ್ದೆ.

ಮೊದಲ ದಿನ ಆಕೆ ಗಂಡನ ಜೊತೆ ಬಂದರು. ಉಡುಪಿ ಕಡೆಯ ಕುಟುಂಬ, ಡೊಂಬಿವಲಿಯಲ್ಲಿ ಮನೆ. ಗಂಡ ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರ್.

"ಇವ್ಳಿಗೆ ಎಂತ ಕಾಯಿಲೆಯೂ ಇಲ್ಲ ಮಾರಾಯ್ರೆ. ಸ್ವಲ್ಪ ಧೈರ್ಯ ಕೊಡಿ, ಸಾಕು."

"ಧೈರ್ಯ ಪಾರ್ಸೆಲ್ ಸಿಗುದಾದ್ರೆ ನಿಮ್ಮ ಹೋಟ್ಲಿಂದ್ಲೇ ತರ್ತಿದ್ದೆ" ಎಂದರು ಆಕೆ.

ಗಂಡನನ್ನು ಹೊರಗೆ ಕೂರಿಸಿದ ಮೇಲೆ ಹೇಳಿದರು. ಆಕೆ ಹನ್ನೊಂದು ವರ್ಷ ಹೋಗುತ್ತಿದ್ದುದು ಒಂದೇ ರೈಲಿಗೆ, ಡೊಂಬಿವಲಿಯಿಂದಲೇ ಹೊರಡುವ ಬೆಳಗಿನ ಸ್ಲೋ ಲೋಕಲ್. ಠಾಣೆಯಲ್ಲಿ ಇಳಿದು ರಬಾಳೆಯ ರೈಲು ಹಿಡಿಯಬೇಕು. ಲೇಡೀಸ್ ಡಬ್ಬಿಯಲ್ಲಿ ಅವರದೊಂದು ಗುಂಪು. ಒಬ್ಬರಿಗೊಬ್ಬರು ಸೀಟು ಹಿಡಿದು, ಸೊಪ್ಪು ಸೋಸಿ, ಹುಟ್ಟುಹಬ್ಬ ಮಾಡಿ ಬೆಳೆದ ಗುಂಪು. ಠಾಣೆಯಲ್ಲಿ ಇಳಿಯುವವರು ದಿವಾ ಸ್ಟೇಷನ್ ಬರುವಾಗಲೇ ಸೀಟು ಬಿಟ್ಟು ಬಾಗಿಲ ಕಡೆ ಸರಿಯಬೇಕು, ಇಲ್ಲವಾದರೆ ಇಳಿಯುವುದಕ್ಕಾಗುವುದಿಲ್ಲ. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆಯೂ ಹಾಗೇ ಸರಿದು ನಿಂತಿದ್ದರು. ದಿವಾದಲ್ಲಿ ಒಬ್ಬ ಹುಡುಗಿ ಬಾಗಿಲಿಗೆ ಹತ್ತಿದಳು. ಕಾಲಿಗಷ್ಟೇ ಜಾಗ. ಕಂಬ ಸಿಗಲಿಲ್ಲ, ಆಕೆಯ ಬ್ಯಾಗಿನ ಪಟ್ಟಿ ಹಿಡಿದಳು.

"ಹಿಡ್ಕೊಳ್ಳಿ ಅಂತ ನಾನೇ ಹೇಳಿದ್ದು ಸರ್. ಪಟ್ಟಿ ಕಿತ್ತು ಬಂತು, ಅವ್ಳು ಕೆಳಗೆ ಹೋದ್ಳು."

ರೈಲು ಠಾಣೆ ತಲುಪಿತು. ಯಾರೋ ನೀರು ಕುಡಿಸಿದರು. ಆಕೆ ರಬಾಳೆಗೆ ಹೋದರು, ಬಿಳಿ ಕೋಟು ಹಾಕಿ ಸಂಜೆಯ ತನಕ ಎಲ್ಲ ಟೆಸ್ಟುಗಳನ್ನೂ ಮುಗಿಸಿದರು. ಯಾವ ರಿಪೋರ್ಟಿನಲ್ಲೂ ತಪ್ಪಿರಲಿಲ್ಲ. ಮರುದಿನ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲು ಹತ್ತಲು ಕಾಲು ಬರಲಿಲ್ಲ.

ಹತ್ತು ಮೆಟ್ಟಿಲುಗಳ ಪಟ್ಟಿ ಇಬ್ಬರೂ ಸೇರಿ ಬರೆದೆವು. ಮೊದಲನೆಯದು ಸ್ಟೇಷನ್ ಹೊರಗೆ ನಿಂತು ಅನೌನ್ಸ್‌ಮೆಂಟ್ ಕೇಳುವುದು. ನಾಲ್ಕನೆಯದು ಪ್ಲಾಟ್‌ಫಾರ್ಮಿನ ಬೆಂಚು. ಆರನೆಯದು ಮಧ್ಯಾಹ್ನದ ಖಾಲಿ ರೈಲಿನಲ್ಲಿ ನನ್ನ ಜೊತೆ, ಠಾಣೆಗೆ ಮೊದಲಿನ ಕಳವಾ ಸ್ಟೇಷನ್ ತನಕ. ಏಳನೆಯದು ಬೆಳಿಗ್ಗೆ ಅದೇ ಹೊತ್ತಿಗೆ, ನಿಂತಿರುವ ಅದೇ ರೈಲಿನ ಲೇಡೀಸ್ ಡಬ್ಬಿಗೆ ಹತ್ತಿ ಸೀಟಿನಲ್ಲಿ ಕೂತು, ಹೊರಡುವ ಮೊದಲು ಇಳಿಯುವುದು. ಎಂಟನೆಯದು ಕೂತು ಮುಂದಿನ ಸ್ಟೇಷನ್ ಕೋಪರ್ ತನಕ. ಒಂಬತ್ತು, ಠಾಣೆ ತನಕ. ಹತ್ತು, ದಿವಾದಿಂದ ಬಾಗಿಲಲ್ಲಿ ನಿಲ್ಲುವುದು.

"ಇದು ಟೈಟ್ರೇಶನ್ ಅಲ್ವಾ ಸರ್" ಎಂದರು ಆಕೆ. "ನಾವು ಲ್ಯಾಬಲ್ಲಿ ಮಾಡುದು ಇದೇ. ಮೇಲಿಂದ ಒಂದೊಂದೇ ಹನಿ ಬಿಡುದು, ಕೆಳಗೆ ಫ್ಲಾಸ್ಕ್ ಅಲ್ಲಾಡಿಸುದು. ಬಣ್ಣ ತಿರುಗಿದ ಕೂಡಲೇ ನಿಲ್ಲಿಸ್ಬೇಕು, ಅದೇ ಎಂಡ್ ಪಾಯಿಂಟ್. ಒಂದು ಹನಿ ಜಾಸ್ತಿ ಬಿತ್ತಾ, ಇಡೀ ಫ್ಲಾಸ್ಕ್ ಚೆಲ್ಲಿ ಪುನಃ ಮೊದಲಿಂದ."

ನನಗೆ ಆ ಹೋಲಿಕೆ ಹಿಡಿಸಿತು. ಅದರೊಳಗಿನ ಎಚ್ಚರಿಕೆ ಕೇಳಿಸಲಿಲ್ಲ.

ಮೊದಲ ಆರು ಮೆಟ್ಟಿಲು ಚೆನ್ನಾಗಿ ಹೋದವು. ಬೆಂಚಿನ ಮೇಲೆ ಕೂತು ನಾನು ಕೇಳುವುದು, "ಈಗ ಎಷ್ಟದರಿ ನಂಬರ್?" ಆಕೆ ಮುಷ್ಟಿ ಬಿಗಿದು, ಬಿಟ್ಟು, ಉಸಿರೆಳೆದು, "ಎಪ್ಪತ್ತು." ಹತ್ತು ನಿಮಿಷ ಬಿಟ್ಟು, "ಈಗ್ರಿ?" "ಐವತ್ತು. ಅಲ್ಲ ಸರ್, ನಿಮ್ಮ ಧಾರವಾಡದ ಭಾಷೆಯಲ್ಲಿ ನೀವು ಕೇಳುದಾ ಬೈಯುದಾ ಗೊತ್ತಾಗುದಿಲ್ಲ. ಅದಕ್ಕೇ ನಂಬರ್ ಇಳಿಯುದು ಲೇಟು."

ಕಳವಾ ಸ್ಟೇಷನ್ನಿನಲ್ಲಿ ಇಳಿದ ಮಧ್ಯಾಹ್ನ ಆಕೆಯ ನಂಬರ್ ಮೂವತ್ತು. ಕಾರ್‌ಶೆಡ್ಡಿನ ಕಡೆ ಖಾಲಿ ರೈಲುಗಳು ಸಾಲಾಗಿ ನಿಂತಿದ್ದವು. "ಇವು ಹೀಗೆ ನಿಂತಾಗ ಪಾಪ, ಎಷ್ಟು ಸಾಧು ಕಾಣ್ತವೆ" ಎಂದು ನಕ್ಕರು. ನಾನೂ ಬೀಗಿದೆ. ತಿಂಗಳ ಕೊನೆಗೆ ಇನ್ನೂ ಮೂರು ವಾರವಿತ್ತು.

ಏಳನೆಯ ಮೆಟ್ಟಿಲಿಗೆ ದಿನ ಗೊತ್ತು ಮಾಡಿದ್ದು ನಾನು. ಲೇಡೀಸ್ ಡಬ್ಬಿಗೆ ಗಂಡಸು ಹತ್ತುವಂತಿಲ್ಲ. ಆ ಮೆಟ್ಟಿಲಲ್ಲಿ ಆಕೆ ಒಬ್ಬರೇ. ಅದಕ್ಕೆ ನಾನು ಮಾಡಿದ ಏರ್ಪಾಡು ಇಷ್ಟೇ: ಕಿಟಕಿಯ ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈಸನ್ನೆಯಲ್ಲಿ ನಂಬರ್ ಕೇಳುವುದು. ಅದು ನವರಾತ್ರಿಯ ವಾರ ಎಂದು ಗೊತ್ತಿತ್ತು. ಹಬ್ಬಕ್ಕೂ ನರಮಂಡಲಕ್ಕೂ ಏನು ಸಂಬಂಧ ಎಂಬುದು ನನ್ನ ಧೋರಣೆ. ಕಾಮೋಠೆಯಲ್ಲಿ ಮನೆ ಮಾಡಿ, ಬೇರೆ ಲೈನಿನಲ್ಲಿ ಕೂತುಕೊಂಡೇ ಠಾಣೆಗೆ ಬರುವ ನನಗೆ, ನವರಾತ್ರಿಯಲ್ಲಿ ಬೆಳಗಿನ ಲೇಡೀಸ್ ಡಬ್ಬಿ ಏನಾಗುತ್ತದೆಂದು ಗೊತ್ತಿರಲಿಲ್ಲ. ಈ ಊರಿನಲ್ಲಿ ದಿನಕ್ಕೊಂದು ಬಣ್ಣ. ಒಂಬತ್ತು ದಿನ ಹೆಂಗಸರೆಲ್ಲ ಆಯಾ ದಿನದ ಬಣ್ಣವನ್ನೇ ಉಟ್ಟು ರೈಲು ಹತ್ತುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋಕ್ಕೆ ಬೆಳಕು ಇರುವುದು ಬಾಗಿಲಲ್ಲಿ.

ಆಕೆ ಹತ್ತಿದರು, ಕೂತರು. ಕಿಟಕಿಯಿಂದ ಐದು ಬೆರಳು ತೋರಿಸಿದರು: ಐವತ್ತು. ಅಷ್ಟರಲ್ಲಿ ಅವರ ಗುಂಪು ಬಂತು. ಗುಂಪಿನ ಮುಂದುಗಡೆ, ಎಲ್ಲರೂ ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹಿರಿಯ ಹೆಂಗಸು. ಆಕೆಯನ್ನು ಕಂಡು ಕಾಕೂ ಕೂಗಿದ್ದು ಪ್ಲಾಟ್‌ಫಾರ್ಮಿಗೆಲ್ಲ ಕೇಳಿಸಿತು: "ಅಗಬಾಯೀ! ಆಲೀಸ್ ಕಾ ಗ!" ಬಂದೆಯೇನೇ, ಬಂದೆಯೇನೇ ಎಂದು ತಬ್ಬಿಕೊಂಡಳು. ಇನ್ನೊಬ್ಬಳು, "ಅರೇ, ಇವಳು ಇವತ್ತಿನ ಕಲರ್ ಹಾಕಿಲ್ಲ!" ಎಂದು ಹಿಂದಿಯಲ್ಲಿ ಅರಚಿ ತನ್ನ ದುಪಟ್ಟಾವನ್ನೇ ಆಕೆಯ ಹೆಗಲಿಗೆ ಹೊದಿಸಿದಳು. ನಾಲ್ಕು ತಿಂಗಳಿಂದ ಕಾಯುತ್ತಿದ್ದ ಗೆಳತಿ ಮರಳಿದ್ದಾಳೆ. ಅವರ ಪ್ರೀತಿಯಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಆಕೆಯನ್ನು ಎಬ್ಬಿಸಿದರು. ಬಾಗಿಲಿಗೆ ತಂದರು. ಅದೇ ಕಂಬದ ಪಕ್ಕ, ನಡುವಿನಲ್ಲಿ ನಿಲ್ಲಿಸಿದರು. ಹಿಂದೆ ಹತ್ತು ಜನ, ಮುಂದೆ ಫೋನು ಹಿಡಿದವಳು. "ಸ್ಮೈಲ್ ಕರ್ ನಾ!"

ರೈಲು ಹೊರಟಿತು.

ನಾನು ಓಡಿದೆ. ಆಕೆಯ ಮುಖ ಕಂಡಿತು, ಅದರಲ್ಲಿ ಏನೂ ಇರಲಿಲ್ಲ. ಕೈ ಮಾತ್ರ ದುಪಟ್ಟಾವನ್ನು ತನ್ನ ಮೈಯಿಂದ ಕಿತ್ತು ತೆಗೆಯುತ್ತಿತ್ತು; ಇನ್ಯಾರೂ ಅದನ್ನು ಹಿಡಿದುಕೊಳ್ಳಬಾರದು ಎಂಬಂತೆ. ಏಳನೆಯ ಮೆಟ್ಟಿಲಿನಿಂದ ನೇರ ಹತ್ತಕ್ಕೆ.

ಮುಂದಿನ ರೈಲು ಹಿಡಿದು ಕೋಪರ್‌ಗೆ ಹೋದೆ. ಆಕೆ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕಾಕೂ, ಆಫೀಸು ಬಿಟ್ಟು ಇಳಿದಿದ್ದಳು, ಅಳುತ್ತಿದ್ದಳು. ನಾನು ಆಗ ಮಾಡಿದ್ದನ್ನು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ. ಕೇಳಿದೆ:

"ಎಷ್ಟದರಿ ನಂಬರ್?"

ಆಕೆ ನನ್ನನ್ನು ನೋಡಲಿಲ್ಲ. ಕಾಕೂ ನೋಡಿದಳು. "ತುಮ್ಹೀ ಡಾಕ್ಟರ್ ಆಹಾತ್ ಕಾ? ಮಗ್ ಆಮ್ಹಾಲಾ ಸಾಂಗಾಯ್ಚ ನಾ!" ನೀವು ಡಾಕ್ಟರೇನ್ರಿ, ಹಾಗಾದರೆ ನಮಗೊಂದು ಮಾತು ಹೇಳಬೇಕಿತ್ತಲ್ಲ. ಹನ್ನೊಂದು ವರ್ಷ ಆಕೆಯ ಸೀಟು ಕಾಯ್ದವರಿಗೆ ಒಂದು ಫೋನ್ ಮಾಡಲು ನನಗೆ ಹೊಳೆದಿರಲಿಲ್ಲ. ನನ್ನ ಪಟ್ಟಿಯಲ್ಲಿ ರೈಲಿತ್ತು, ಹೊತ್ತಿತ್ತು, ಸೀಟಿತ್ತು. ಜನ ಇರಲಿಲ್ಲ.

ಕ್ಲಿನಿಕ್ಕಿನ ಮಾಲೀಕರಾದ ಹಿರಿಯ ಡಾಕ್ಟರ್ ಎಲ್ಲ ಕೇಳಿ ಹೇಳಿದರು, "ಹೋತಂ ಅಸಂ, ಹೀಗೆಲ್ಲ ಆಗುತ್ತದೆ. ಮತ್ತೆ ಮೂರನೇ ಮೆಟ್ಟಿಲಿನಿಂದ ಶುರು ಮಾಡು. ಬಾಗಿಲಲ್ಲಿ ನಿಂತು ಬದುಕಿದ್ದಾಳಲ್ಲ, ಅದೂ ಒಂದು ಪಾಠವೇ." ಆಕೆ ಒಂದು ವಾರ ನನ್ನ ಫೋನ್ ಎತ್ತಲಿಲ್ಲ.

ಆ ವಾರ ನಾನು ಹತ್ತನೆಯ ಮೆಟ್ಟಿಲನ್ನು ನಾನೇ ಹತ್ತಿ ನೋಡಲು ಹೊರಟೆ. ಯಾರದೋ ಕಾಲಿಗೆ ಮೆಟ್ಟಿಲು ಕಡಿದವನು ಅದನ್ನು ಒಮ್ಮೆಯೂ ತುಳಿದಿರಲಿಲ್ಲ ಎಂಬುದು ಆಗ ಹೊಳೆದಿತ್ತು. ಕಾಮೋಠೆಯಿಂದ ನಸುಕಿನಲ್ಲೇ ಹೊರಟು, ಠಾಣೆಯಿಂದ ಉಲ್ಟಾ ಡೊಂಬಿವಲಿಗೆ ಹೋಗಿ, ಅದೇ ಲೋಕಲ್ಲಿನ ಜನರಲ್ ಡಬ್ಬಿಯಲ್ಲಿ ಬಾಗಿಲಿಗೆ ನಿಂತೆ. ದಿವಾದಲ್ಲಿ ಹತ್ತಿದವರ ಭಾರ ಬೆನ್ನಿಗೆ ಬಿತ್ತು. ಒಂದು ಕಾಲು ಹೊರಗಾಯಿತು. ಕಂಬದ ಮೇಲೆ ಏಳು ಕೈ, ನನ್ನದು ಮೇಲಿನಿಂದ ಎರಡನೆಯದು, ಬೆವರಿಗೆ ಜಾರುತ್ತಿತ್ತು. ನನ್ನ ನಂಬರ್ ತೊಂಬತ್ತು. ಪಕ್ಕದವನು ಒಂದು ಕೈಯಲ್ಲಿ ಮೇಲಿನ ಪಟ್ಟಿ ಹಿಡಿದು, ಇನ್ನೊಂದರಲ್ಲಿ ಫೋನಿನಲ್ಲಿ ಅಡುಗೆಯ ವಿಡಿಯೋ ನೋಡುತ್ತಿದ್ದ. ಪನೀರು ಹುರಿಯುತ್ತಿತ್ತು. ಅವನು ಆಕಳಿಸಿದ.

ಅವನನ್ನು ಯಾವ ಕ್ಲಿನಿಕ್ಕೂ ಪಳಗಿಸಿರಲಿಲ್ಲ. ಉಸಿರಾಟದ ಅಭ್ಯಾಸ ಯಾರೂ ಹೇಳಿಕೊಟ್ಟಿರಲಿಲ್ಲ. ರೈಲೇ ದಿನಾ ಒಂದೊಂದು ಹನಿ ಬಿಟ್ಟಿತ್ತು.

ಮರುದಿನ ಎಂಬತ್ತು. ಮೂರನೆಯ ದಿನ ಅರವತ್ತೈದು. ಐದನೆಯ ದಿನ ಮುಂಬ್ರಾ ದಾಟುವಾಗ ನಂಬರ್ ಬರೆದುಕೊಳ್ಳಲೆಂದು ಜೇಬಿನಿಂದ ಫೋನ್ ತೆಗೆದೆ. ಮೂವತ್ತು ಎಂದು ಟೈಪ್ ಮಾಡಿದೆ. ಆಗ ಕಂಡಿತು: ನಾನು ಓಡುವ ರೈಲಿನ ಬಾಗಿಲಲ್ಲಿ, ಒಂದು ಕಾಲು ಹೊರಗಿಟ್ಟು, ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಟೈಪ್ ಮಾಡುತ್ತಿದ್ದೇನೆ. ವಿಧಾನ ನನ್ನ ಮೇಲೆ ಪೂರ್ತಿ ಫಲಿಸಿತ್ತು. ಭಯ ಮೂರನೇ ಎರಡು ಪಾಲು ಇಳಿದಿತ್ತು. ಅಪಾಯ ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಠಾಣೆಯಲ್ಲಿ ಸಿಟ್ಟಿನಿಂದಲೇ ಇಳಿದೆ. ಆ ಮ್ಯಾನೇಜರ್ ನನ್ನಿಂದ ಕೇಳಿದ್ದು ಇದನ್ನೇ. ಆ ಮಹಿಳೆಯನ್ನು ಪನೀರಿನ ವಿಡಿಯೋ ನೋಡುವವನ ಹಾಗೆ ಮಾಡಿಕೊಡು. ನಾನೂ ಪಟ್ಟಿ ಬರೆದು, ಹತ್ತನೆಯ ಸಾಲಿನಲ್ಲಿ 'ದಿವಾದಿಂದ ಬಾಗಿಲಲ್ಲಿ ನಿಲ್ಲುವುದು' ಎಂದು ಅಂದವಾಗಿ ನಮೂದಿಸಿದ್ದೆ. ಕಚ್ಚುವ ನಾಯಿ, ಕೈಯಳತೆಯಲ್ಲಿ.

ಆ ಸಂಜೆ ಆಕೆ ಫೋನ್ ಎತ್ತಿದರು. "ಹತ್ತನೆಯ ಮೆಟ್ಟಿಲ ತಗದ್ ಹಾಕ್ತೀನ್ರಿ" ಎಂದೆ. "ನಿಮ್ಮ ಎಂಡ್ ಪಾಯಿಂಟ್ ಏಳನೇದು. ಆಮ್ಯಾಲೆ ಖಾಲಿ ಹೊತ್ತಿನ ರೈಲು, ಕೂತ್ಕೊಂಡು. ಅದರ ಮ್ಯಾಲಿನ ಭಯ ನಿಮ್ಮದೇ ಇರ್ಲಿ. ಅದು ಸರಿ ಐತಿ."



"ಇದನ್ನು ಮೊದ್ಲೇ ಯಾರಾದ್ರೂ ಹೇಳ್ಬಹುದಿತ್ತು ಸರ್" ಎಂದರು.

ಮೂರನೆಯ ಮೆಟ್ಟಿಲಿನಿಂದ ಮತ್ತೆ ಹತ್ತಿದೆವು. ಈ ಸಲ ಕಾಕೂಗೆ ಮೊದಲೇ ಫೋನ್ ಮಾಡಿದೆ. ಏಳನೆಯ ಮೆಟ್ಟಿಲ ದಿನ ಇಡೀ ಗುಂಪು ಆಕೆಯ ಸುತ್ತ ಕೂತು, ಒಬ್ಬಳೂ ಮುಟ್ಟದೆ, ಒಬ್ಬಳೂ ಮಾತಾಡಿಸದೆ, ಸೊಪ್ಪು ಸೋಸಿತು. ಹೊರಡುವ ಮುನ್ನ ಕಾಕೂ ಬಾಗಿಲಲ್ಲಿ ಅಡ್ಡ ನಿಂತು ಹತ್ತುವವರನ್ನು ತಡೆದು ಆಕೆಯನ್ನು ಇಳಿಸಿದಳು. ನಂಬರ್ ಇಪ್ಪತ್ತೈದು. ಮೂರು ದಿನ ಬಿಟ್ಟು ಗದ್ದಲ ಕಳೆದ ಮೇಲಿನ ರೈಲಿನಲ್ಲಿ ಕೂತು ಠಾಣೆ ತಲುಪಿದರು. ತಿಂಗಳು ಮುಗಿಯಲು ಎರಡು ದಿನವಿತ್ತು.

ಪತ್ರ ಬರೆದೆ. 'ಇವರು ರೈಲಿನಲ್ಲಿ ಪ್ರಯಾಣಿಸಬಲ್ಲರು. ಕಿಕ್ಕಿರಿದ ರೈಲಿನ ತೆರೆದ ಬಾಗಿಲಲ್ಲಿ ನಿಲ್ಲಲು ಇವರಿಗಿರುವ ಭಯ ಕಾಯಿಲೆಯಲ್ಲ; ಅದಕ್ಕೆ ಚಿಕಿತ್ಸೆ ಕೊಡುವುದು ತಪ್ಪಾಗುತ್ತದೆ. ಬೆಳಗಿನ ಗದ್ದಲದ ನಂತರ ಆರಂಭವಾಗುವ ಪಾಳಿ ಕೊಡಬೇಕು.' ಡಾಕ್ಟರ್ ಓದಿ ಕನ್ನಡಕ ತೆಗೆದರು. "ಅವರು ಕೇಳಿದ್ದು ಒಂದು ಶಬ್ದ. ನೀನು ಕೊಟ್ಟಿದ್ದು ಭಾಷಣ. ನಾಳೆಯಿಂದ ಆ ಕಂಪನಿ ನಮ್ಮಲ್ಲಿಗೆ ಯಾರನ್ನೂ ಕಳಿಸುವುದಿಲ್ಲ." ಸಹಿ ಹಾಕಲಿಲ್ಲ. ನನ್ನೊಬ್ಬನ ಸಹಿಯಲ್ಲೇ ಹೋಯಿತು.

ರಬಾಳೆಯ ಆ ಕೋಣೆಯಲ್ಲಿ ನಾವು ನಾಲ್ವರು: ಮ್ಯಾನೇಜರ್, ಲ್ಯಾಬಿನ ಮುಖ್ಯಸ್ಥರು, ಆಕೆ, ನಾನು. ಮ್ಯಾನೇಜರ್ ಪತ್ರವನ್ನು ಮೇಜಿನ ಮೇಲೆ ನನ್ನ ಕಡೆಗೇ ಸರಿಸಿದ. "ಸರ್, ಫಿಟ್ ಹೈ ಯಾ ನಹೀ? ಸಬ್ ಲೋಗ್ ಟ್ರೇನ್ ಸೇ ಹೀ ಆತೇ ಹೈ ನಾ."

"ಆಪ್?" ಎಂದೆ.

"ಮೈ ಕಾರ್ ಸೇ."

ಇಲ್ಲಿ ನಾನು ಮೇಜು ಗುದ್ದಿ ಕೂಗಿದೆ ಎಂದು ನನ್ನ ನೆನಪು. ನಾಳೆ ಬೆಳಿಗ್ಗೆ ನನ್ನ ಜೊತೆ ದಿವಾಕ್ಕೆ ಬಾ, ಬಾಗಿಲಲ್ಲಿ ನಿಲ್ಲು, ಆಮೇಲೆ ಯಾರನ್ನು ಡಿಸೆನ್ಸಿಟೈಸ್ ಮಾಡಬೇಕು ಹೇಳು ಎಂದೆ. ಆಕೆಯ ಪ್ರಕಾರ ನಾನು ಕೂಗಲೇ ಇಲ್ಲ: "ಎಸಿ ಸದ್ದೇ ಜಾಸ್ತಿ ಇತ್ತು ಸರ್. ಆದ್ರೆ ಹೇಳಿದ್ದು ಹೌದು. ಧಾರವಾಡದ ಹಿಂದಿಯಲ್ಲಿ." ಈ ವಿಷಯದಲ್ಲಿ ನಾನು ಆಕೆಯನ್ನೇ ನಂಬುತ್ತೇನೆ. ಹನ್ನೊಂದು ವರ್ಷ ಕಂಡದ್ದನ್ನು ಕಂಡಹಾಗೆ ಬರೆದ ಕೈ ಅದು.

ತೀರ್ಮಾನ ಮಾಡಿದ್ದು ನನ್ನ ಮಾತೂ ಅಲ್ಲ, ನ್ಯಾಯವೂ ಅಲ್ಲ. ಲ್ಯಾಬಿನ ಮುಖ್ಯಸ್ಥರು ಗಡಿಯಾರ ನೋಡಿ, "ದುಪಾರಚ್ಯಾ ಶಿಫ್ಟ್‌ಲಾ ಮಲಾ ಮಾಣೂಸ್ ಹವಾಚ್ ಆಹೇ" ಎಂದರು. ಮಧ್ಯಾಹ್ನದ ಪಾಳಿಗೆ ಅವರಿಗೆ ಹೇಗೂ ಒಬ್ಬರು ಬೇಕಿತ್ತು. ಬೇಕಿಲ್ಲದಿದ್ದರೆ? ಬೇರೆಯವರ ರಿಪೋರ್ಟುಗಳನ್ನು ಪರಿಶೀಲಿಸಿ ಸಹಿ ಮಾಡುವ ಅಧಿಕಾರ ಆಕೆಗೆ ಬೆಳಗಿನ ಪಾಳಿಯಲ್ಲಿತ್ತು, ಅದು ಹೋಯಿತು. ಈಗ ಆಕೆ ಮಾಡಿದ ಟೆಸ್ಟಿಗೆ ಆಕೆಗಿಂತ ಕಿರಿಯಳೊಬ್ಬಳು ಸಹಿ ಮಾಡುತ್ತಾಳೆ.

ಮಧ್ಯಾಹ್ನದ ರೈಲಿನಲ್ಲಿ ಆಕೆ ಕೂತು ಹೋಗುತ್ತಾರೆ. ಕಂದು ಬ್ಯಾಗಿಗೆ ಚಮ್ಮಾರನಿಂದ ಹೊಸ ಪಟ್ಟಿ ಹೊಲಿಸಿದ್ದಾರೆ, ಎರಡು ಸಾಲು ಹೊಲಿಗೆ ಹಾಕಿಸಿ. ದಿವಾದಲ್ಲಿ ಯಾರಾದರೂ ಹತ್ತಿದರೆ ಈಗಲೂ ನಂಬರ್ ನಲವತ್ತಕ್ಕೆ ಏರುತ್ತದಂತೆ. "ಇರ್ಲಿ ಸರ್, ಅಷ್ಟು ಇರ್ಬೇಕು" ಎನ್ನುತ್ತಾರೆ.

ಇದನ್ನು ಬರೆಯುವ ಮೊದಲು, ಕನಿಷ್ಠ ಒಂದು ಸಂಗತಿಯನ್ನಾದರೂ ನೆನಪಿನ ಕೈಗೆ ಬಿಡಬಾರದೆಂದು ಕ್ಲಿನಿಕ್ಕಿನ ಕಪಾಟಿನಿಂದ ಆಕೆಯ ಫೈಲ್ ತೆಗೆದೆ. ನವರಾತ್ರಿಯ ಆ ಬೆಳಗಿನ ಪುಟದಲ್ಲಿ ಬಣ್ಣದ ಸುದ್ದಿಯಿಲ್ಲ, ನಾನು ಯಾವಾಗ ಓಡಿದೆ ಎಂಬುದೂ ಇಲ್ಲ. ಹಿಂದಿನ ದಿನದ ಪುಟದಲ್ಲಿ, ಕೆಳಗಿನ ಸಾಲಿನಲ್ಲಿ, ನನ್ನದೇ ಅಕ್ಷರ: 'ನಾಳೆ ಬೇಡ ಅಂದರು. ಎರಡು ಸಲ. ತಪ್ಪಿಸಿಕೊಳ್ಳುವ ಲಕ್ಷಣ. ನಾನು ಒಪ್ಪಲಿಲ್ಲ.'